ಎಣ್ಣೆ ಹಡಗು, ಇದ್ದಿಲು ಬಸ್ಸು

ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದು ಮರದ ಬೇಲಿ. ಅದರಲ್ಲಿ ಒಂದು ಹಲಗೆ ಕಿತ್ತುಹೋಗಿತ್ತು. ಎಂಟನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಸ್ಕೂಲಿನಿಂದ ಬಂದವಳೇ ಚೀಲ ಎಸೆದು, ನಾನು ಮಾಡಿಟ್ಟ ಒಗ್ಗರಣೆ ಅವಲಕ್ಕಿಯನ್ನು ಎರಡು ಚಮಚ ತಿಂದ ಶಾಸ್ತ್ರ ಮಾಡಿ, ಆ ಸಂದಿಯಲ್ಲಿ ತೂರಿ ಆಚೆ ಹೋಗಿಬಿಡುತ್ತಿದ್ದಳು.

ಆಚೆ ಮನೆಯಲ್ಲಿ ಒಬ್ಬ ಮುದುಕಿ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ನಾವಿಕನನ್ನು ಮದುವೆಯಾಗಿ ವೇಲ್ಸ್‌ನಿಂದ ಬಂದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಗಳು ಅವಳನ್ನು, ಅವರ ಕಡೆ ಅಜ್ಜಿಗೆ ಅನ್ನುವ ಹಾಗೆ, ನ್ಯಾನಾ ಅನ್ನುತ್ತಿದ್ದಳು. ಬೆಂಗಳೂರಿನಲ್ಲಿದ್ದ ನನ್ನಮ್ಮನಿಗೆ ಮಾತ್ರ ಫೋನಿನಲ್ಲಿ "ಹಲೋ ಅಜ್ಜಿ, ಚೆನ್ನಾಗಿದೀನಿ" ಎಂದು ಒಪ್ಪಿಸಿ ರಿಸೀವರನ್ನು ನನ್ನ ಕೈಗೆ ತುರುಕುತ್ತಿದ್ದಳು.

ಬಯ್ಯುವ ಬದಲು ನಾನು ತಿಂಡಿ ಬದಲಾಯಿಸಿದೆ. ಕೋಡುಬಳೆ ಮಾಡಿದರೆ ಡಬ್ಬಿಯ ಸಮೇತ ಆಚೆ ಮನೆಗೆ ಹೋಯಿತು. ಡಬ್ಬಿ ವಾಪಸ್ಸು ಬಂದಾಗ ಅದರೊಳಗೆ ಮುದುಕಿ ಕಾವಲಿಯ ಮೇಲೆ ಬೇಯಿಸಿದ, ದ್ರಾಕ್ಷಿ ಹಾಕಿದ ಬಿಲ್ಲೆಗಳಿದ್ದವು. ಚೆನ್ನಾಗಿದ್ದವು. ಅದಕ್ಕೇ ಇನ್ನಷ್ಟು ಉರಿಯಿತು.

"ಆ ಮುದುಕಿ ನಿನಗೇನು ಸವತಿಯಾ?" ಎಂದು ನಮ್ಮ ಯಜಮಾನರು ಪೇಪರಿನ ಮರೆಯಿಂದ ಕೇಳಿದರು. ಸವತಿಯಾಗಿದ್ದರೆ ವಾಸಿಯಿತ್ತು, ಗಂಡನನ್ನಾದರೂ ಬಯ್ಯಬಹುದಿತ್ತು.

ಆ ವರ್ಷ ಸ್ಕೂಲಿನಲ್ಲಿ ಒಂದು ಕೆಲಸ ಕೊಟ್ಟರು. ಎರಡನೇ ಮಹಾಯುದ್ಧದ ನಾಯಕರಲ್ಲಿ ಒಬ್ಬೊಬ್ಬರನ್ನು ಕುರಿತು ಒಂದೊಂದು ಮಗು ಬರೆದು ಕ್ಲಾಸಿನಲ್ಲಿ ಓದಬೇಕು. ಆ ಕಾಲ ನೆನಪಿರುವ ಹಿರಿಯರೊಬ್ಬರನ್ನು ಕರೆತಂದು ಮಾತಾಡಿಸಬೇಕು. ನನ್ನ ಮಗಳಿಗೆ ಬಂದದ್ದು ಬ್ರಿಟನ್ನಿನ ಪ್ರಧಾನಿ, ಆ ಸಿಗಾರಿನವನು. ಯುದ್ಧಕಾಲದಲ್ಲಿ ನಾನು ಆರೇಳು ವರ್ಷದವಳು, ಎಲ್ಲ ನೆನಪಿದೆ. ಕರೆಯುತ್ತಾಳೆ ಎಂದು ಕಾದೆ. ಪಾತ್ರೆ ತೊಳೆಯುತ್ತ ಕಾದೆ, ಬಟ್ಟೆ ಮಡಿಸುತ್ತ ಕಾದೆ. ಒಂದು ಸಂಜೆ ಫ್ರಿಜ್ ತೆರೆದು ನಿಂತುಕೊಂಡೇ, ನ್ಯಾನಾ ಒಪ್ಪಿಕೊಂಡಳು ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು.

ಆ ಮನುಷ್ಯನ ವಿಷಯದಲ್ಲಿ ನನಗೂ ಹೇಳುವುದಿತ್ತು. ಬಂಗಾಳದಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದ ಕಾಲಕ್ಕೆ, ರೇಡಿಯೋದಲ್ಲಿ ಅವನ ಹೆಸರು ಬಂದರೆ ಅದಕ್ಕೆ ಅವನೇ ಹೊಣೆ ಎಂದು ನಮ್ಮಪ್ಪ ಎದ್ದು ಕಿವಿ ತಿರುಚಿದ ಹಾಗೆ ಗುಂಡಿ ತಿರುಚಿ ಆರಿಸುತ್ತಿದ್ದರು. ಮುದುಕಿಯ ಗೋಡೆಯ ಮೇಲೆ ಅವನ ಪಟ ಇರಲೇಬೇಕು, ಒಂದು ದಿನ ಹೋಗಿ ಕೇಳಿಯೇಬಿಡುತ್ತೇನೆ ಅಂದುಕೊಂಡು, ಇನ್ನೊಮ್ಮೆ ಬಿಲ್ಲೆ ಬಂದಿದ್ದ ಅವಳ ತಟ್ಟೆ ಕೊಡುವ ನೆಪದಲ್ಲಿ ಹೋದೆ.

ಪಟ ಇರಲಿಲ್ಲ. ಅವಳಪ್ಪ ಕಲ್ಲಿದ್ದಲು ಗಣಿಯಲ್ಲಿದ್ದವನಂತೆ. ಅವರ ಗಣಿಯ ಕಲ್ಲಿದ್ದಲೇ ಯುದ್ಧನೌಕೆಗಳಿಗೆ ಹೋಗುತ್ತಿತ್ತು. ಮೊದಲ ಯುದ್ಧಕ್ಕೆ ಮುಂಚೆ, ಈ ಸಿಗಾರಿನವನು ನೌಕಾಪಡೆಯ ಮಂತ್ರಿಯಾಗಿದ್ದಾಗ, ಹಡಗುಗಳಿಗೆ ಇನ್ನು ಕಲ್ಲಿದ್ದಲು ಬೇಡ, ಪರ್ಷಿಯಾದ ಎಣ್ಣೆ ಹಾಕೋಣ ಎಂದು ತೀರ್ಮಾನಿಸಿದ. ಹಡಗಿಗೆ ವೇಗ ಬಂತು. ಅವಳಪ್ಪ ಕೊನೆಕೊನೆಗೆ ಕೆಲಸವಿಲ್ಲದೆ ಜಗಲಿಯಲ್ಲಿ ಕೂತ. ಯುದ್ಧದ ಟ್ಯಾಂಕು ಕಂಡುಹಿಡಿದವರು ಬೇರೆ ಯಾರೋ, ಹಣ ಕೊಡಿಸಿ ಬೆನ್ನು ತಟ್ಟಿದವನು ಅವನು, ಹೆಸರೆಲ್ಲ ಅವನಿಗೆ ಬಂತು ಎಂದೂ ಹೇಳಿದಳು. ಆದರೂ ಎರಡನೇ ಯುದ್ಧದಲ್ಲಿ ಅವನ ಭಾಷಣ ಕೇಳಿ ಮನೆಮಂದಿಯೆಲ್ಲ ಅತ್ತರಂತೆ. ಬಯ್ಯುತ್ತಲೇ ಅತ್ತೆವು ಅಂದಳು.

ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಹೋದವಳಿಗೆ ಜಗಳವೂ ಸಿಗಲಿಲ್ಲ. ಅವನ ಮೇಲೆ ನನಗಿದ್ದ ಒಂದೇ ದೂರು ದೂರದ ಬಂಗಾಳದ್ದು, ಅವಳದ್ದು ಸ್ವಂತ ಮನೆಯದು. ಮಗಳು ಅವಳ ತೊಡೆಗೆ ಆತುಕೊಂಡು, ಬಾಯಿ ತೆರೆದು ಕೇಳುತ್ತಿದ್ದಳು.

ಮುಂದೊಂದು ಭಾನುವಾರ ನಾನು ಚಪಾತಿ ಒತ್ತುತ್ತಿದ್ದಾಗ ಮಗಳು ಅಡುಗೆಮನೆಗೆ ಬಂದು, ಯುದ್ಧದಲ್ಲಿ ನಿಮ್ಮ ಬೆಂಗಳೂರಲ್ಲಿ ಟ್ಯಾಂಕು ನೋಡಿದ್ದೆಯಾ ಎಂದು ಕೇಳಿದಳು. ಕೇಳಿದಳಲ್ಲ ಎಂಬ ಖುಷಿಗೆ ನಾನು ಯೋಚಿಸಲೇ ಇಲ್ಲ.

"ನಮ್ಮ ಮನೆ ಹಿಂದೇನೇ ಟ್ಯಾಂಕಿತ್ತಲ್ಲೇ. ಅಗಸರು ಬಟ್ಟೆ ಒಗೀತಿದ್ರು, ಎಮ್ಮೆ ಬಿದ್ಕೊಂಡಿರ್ತಿದ್ವು."

ಅದರಲ್ಲಿ ನೀರಿತ್ತಾ ಎಂದಳು. ಟ್ಯಾಂಕಲ್ಲಿ ನೀರಿಲ್ಲದೆ ಇನ್ನೇನಿರುತ್ತೆ ಎಂದೆ. ಕಣ್ಣರಳಿಸಿ ಬರೆಯಲು ಓಡಿದಳು.

ಮುದುಕಿಗೆ ಮಂಡಿನೋವು, ಸ್ಕೂಲಿಗೆ ಕರೆದುಕೊಂಡು ಹೋಗುವ ಡ್ರೈವರು ನಾನೇ. ಅವಳು ಕೂದಲು ಸೆಟ್ ಮಾಡಿಸಿಕೊಂಡು, ನೀಲಿ ಕೋಟು ಹಾಕಿಕೊಂಡು ಬಂದಿದ್ದಳು. ಅವಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನಾನು ಹಿಂದೆ, ಮಕ್ಕಳ ಕೋಟು ನೇತುಹಾಕಿದ ಗೋಡೆಯ ಪಕ್ಕ ಕೂತೆ.

ಮಗಳು ಚೆನ್ನಾಗಿಯೇ ಓದುತ್ತಿದ್ದಳು. ಎಣ್ಣೆಯ ಹಡಗಿನ ಕಥೆ ಆಯಿತು. ಆಮೇಲೆ ಟ್ಯಾಂಕು: ಗುಟ್ಟು ಬಯಲಾಗಬಾರದೆಂದು ಅದನ್ನು ಕಟ್ಟುವಾಗ ನೀರಿನ ಟ್ಯಾಂಕು ಎಂದು ಸುಳ್ಳು ಹೇಳಿದ್ದರಂತೆ, ಆ ಹೆಸರೇ ನಿಂತಿತಂತೆ. ನನಗೆ ಅದು ಹೊಸ ವಿಷಯ. ಅಷ್ಟರಲ್ಲಿ ಅವಳು ಮುಂದುವರಿದಳು: ಇಂಥದೇ ಒಂದು ಟ್ಯಾಂಕನ್ನು ಬೆಂಗಳೂರಿನಲ್ಲಿ ನನ್ನ ಅಮ್ಮನ ಮನೆಯ ಹಿಂದೆ ಬಚ್ಚಿಟ್ಟಿದ್ದರು, ಯಾರಿಗೂ ಅನುಮಾನ ಬರದಿರಲೆಂದು ನಿಜವಾಗಿ ನೀರು ತುಂಬಿಸಿದ್ದರು, ಜನ ಅದರಲ್ಲಿ ಬಟ್ಟೆ ಒಗೆಯುತ್ತಿದ್ದರು, ಒಳಗೆ ಎಮ್ಮೆಗಳು ಮಲಗುತ್ತಿದ್ದವು.

ಕ್ಲಾಸು ಗೊಳ್ಳೆಂದಿತು. ಎಮ್ಮೆ ಒಳಗೆ ಹೇಗೆ ಹೋಗುತ್ತಿತ್ತು ಎಂದು ಟೀಚರು ಮೆಲ್ಲಗೆ ಕೇಳಿದರು. ಮಗಳ ಮುಖ ಕೆಂಪಾಯಿತು. ಅವಳು ಮೊದಲು ನೋಡಿದ್ದು ನ್ಯಾನಾಳನ್ನು. ಮುದುಕಿ ಪಾಪ, ತನಗೆ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಆಮೇಲೆ ಮಗಳ ಕಣ್ಣು ಸಾಲು ಸಾಲು ದಾಟಿ ಹಿಂದಕ್ಕೆ ಬಂತು.

"ಅಮ್ಮ, ಟ್ಯಾಂಕು ಅಂದ್ರೆ ಏನಮ್ಮ?"

ಮನೆಯಲ್ಲೇ ಕನ್ನಡಕ್ಕೆ ಬಾಯಿ ಬಿಡದ ಹುಡುಗಿ ಅಷ್ಟು ಜನರ ಎದುರು ಕೇಳಿದಳು.

ಎದ್ದು ನಿಂತು ನನ್ನ ಇಂಗ್ಲಿಷಿನಲ್ಲಿ ಹೇಳಿದೆ: ಅದು ಕೆರೆ, ನಮ್ಮೂರಲ್ಲಿ ಕೆರೆಗೆ ಟ್ಯಾಂಕು ಅನ್ನುತ್ತೇವೆ, ಅದನ್ನು ಬಚ್ಚಿಡಲಾಗುವುದಿಲ್ಲ. ಮತ್ತೆ ನಗು, ಆದರೆ ಈ ಸಲ ಮಗಳೂ ನಕ್ಕಳು. ಇನ್ನೇನು ನೆನಪಿದೆ ಎಂದು ಒಬ್ಬ ಹುಡುಗಿ ಕೇಳಿದಳು. ಇದ್ದಿಲು ಬಸ್ಸಿನ ಕಥೆ ಹೇಳಿದೆ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತು. ಬಸ್ಸಿನ ಹಿಂದೆ ಒಂದು ಕಬ್ಬಿಣದ ಡ್ರಮ್ಮು, ಅದರಲ್ಲಿ ಇದ್ದಿಲು ಉರಿಸಿ, ಹಿಡಿ ತಿರುಗಿಸಿ ಗಾಳಿ ಊದಿ, ಆ ಹೊಗೆಯಲ್ಲೇ ಬಸ್ಸು ಓಡಿಸುತ್ತಿದ್ದರು. ದಿಣ್ಣೆ ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಸಾಹೇಬರ ಹಡಗು ಕಲ್ಲಿದ್ದಲು ಬಿಟ್ಟು ಎಣ್ಣೆ ಕುಡಿಯಿತು, ನಮ್ಮ ಬಸ್ಸು ಎಣ್ಣೆ ಬಿಟ್ಟು ಇದ್ದಿಲು ತಿಂದಿತು ಎಂದೆ. ಕೈಗಳು ಏಳುತ್ತಲೇ ಇದ್ದವು. ನಾನೂ ನಿಲ್ಲಿಸಲಿಲ್ಲ. ಕೊನೆಗೆ ಮುದುಕಿ ಎದ್ದು, ನನ್ನ ತಂದೆ, ಎಂದು ಶುರು ಮಾಡುವಷ್ಟರಲ್ಲಿ ಗಂಟೆ ಹೊಡೆಯಿತು.

ವಾಪಸ್ಸು ಬರುವಾಗ ಮಗಳು ನನ್ನ ಪಕ್ಕದಲ್ಲಿ ಕೂತು ಡ್ರಮ್ಮಿನ ಬಣ್ಣ, ಕಂಡಕ್ಟರನ ಮುಖದ ಮಸಿ, ಎಲ್ಲ ಕೇಳಿದಳು. ಮುದುಕಿ ಹಿಂದೆ ಒಬ್ಬಳೇ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಮನೆ ಮುಂದೆ ಕೈ ಹಿಡಿದು ಇಳಿಸಿದೆ.

"ನಿನ್ನ ಅದೃಷ್ಟ," ಎಂದಳು. "ಅವಳಿಗೆ ಬೇಕಾದಾಗ ನಿನ್ನನ್ನು ಕೇಳಿದಳು, ನನಗೆ ತಿಳಿಯದ ಭಾಷೆಯಲ್ಲಿ."

ಆ ದನಿ ನನಗೆ ಹೊಸದಲ್ಲ. ವರ್ಷವಿಡೀ ನನ್ನ ಹೊಟ್ಟೆಯೊಳಗೆ ಕೇಳಿದ್ದೇ. ರಾತ್ರಿ ಊಟಕ್ಕೆ ಬನ್ನಿ, ನಿಮ್ಮಪ್ಪನ ಕಥೆ ಪೂರ್ತಿ ಹೇಳಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಗಳು ಕಾರಿನಿಂದ ತಲೆ ಹೊರಗೆ ಹಾಕಿ, "ಆಮೇಲೆ ಏನಾಯ್ತಮ್ಮ?" ಎಂದಳು.

ನಾನು ಮಗಳ ಕಡೆಗೆ ನಡೆದೆ.