ಸಾಮೋ ಸತ್ತ ಮೇಲೂ ಉಳಿದ ರಾಜ್ಯ

ಬೆಳಗಾದರೆ ಮಗಳು ರೋಶ್ನಿಗೆ ಏನು ಕುಡಿಸುವುದು? ಬಟ್ಟೆ ಹಿಂಡುವಾಗಲೂ ಕಿಟಕಿಯ ಪರದೆ ಎಳೆಯುವಾಗಲೂ ಆಲಿವಳಿಗೆ ಅದೇ ಚಿಂತೆ. ಹಾಲಿನ ಪುಡಿಯ ಡಬ್ಬದ ತಳ ಕಾಣುತ್ತಿತ್ತು.

ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಟೈಪಿಂಗ್ ಕಲಿತು, ಮದುವೆಯಾಗಿ ಗಲ್ಫಿನ ಹವಲ್ಲಿಯ ಈ ಹಳೆಯ ಕಟ್ಟಡಕ್ಕೆ ಬಂದವಳು ಅವಳು. ಹೊರಗಿನ ವ್ಯವಹಾರವೆಲ್ಲ ಗಂಡಸರದು ಎಂದುಕೊಂಡೇ ಬೆಳೆದವಳು. ಆಗಸ್ಟಿನಲ್ಲಿ ಇರಾಕಿ ಸೈನ್ಯ ನುಗ್ಗಿದಾಗ ಕಟ್ಟಡವನ್ನು ಕಾಪಾಡಿದ್ದು ನೆಲಮಹಡಿಯ ಪಾಯಸ್. ಎಲ್ಲ ಮನೆಗಳ ಅಕ್ಕಿ, ಗ್ಯಾಸು ಒಟ್ಟುಮಾಡಿ ಒಂದೇ ಅಡುಗೆ ಮಾಡಿಸಿದರು. ಸಾಮಾನು ಕಳಿಸುತ್ತಿದ್ದುದು ಬ್ಯಾರಿ ವ್ಯಾಪಾರಿ ಬಾವಾ. ಅವನದು ಒಂದೇ ಷರತ್ತು: ಚೆಕ್‌ಪೋಸ್ಟ್ ದಾಟಿ ವ್ಯಾನು ಬರಬೇಕಾದರೆ ಇಡೀ ಕಟ್ಟಡದ ಪರವಾಗಿ ಒಬ್ಬರೇ ಮಾತಾಡಬೇಕು.

ಹೋದ ವಾರ ಪಾಯಸ್ ಜೋರ್ಡಾನಿನ ಬಸ್ಸು ಹತ್ತಿದರು. ಅಂದು ಸಂಜೆಯೇ ಎಲ್ಲ ಖಲಾಸ್. ತುಳುವರು ಅಕ್ಕಿಯನ್ನು ಮೇಲಿನ ಮಹಡಿಗೆ ಹೊತ್ತೊಯ್ದರು, ಕೊಂಕಣಿಯವರು ಕೆಳಗೆ ಸಿಲಿಂಡರ್ ಇಟ್ಟುಕೊಂಡು ಬಾಗಿಲು ಹಾಕಿದರು. ಪ್ರತಿ ಮನೆಯವರೂ ಬಾವಾನಿಗೆ ಬೇರೆ ಬೇರೆ ಫೋನ್ ಮಾಡಿದರು. ಅವನು ಯಾರ ಮಾತೂ ಕೇಳದೆ ಫೋನ್ ಕುಕ್ಕಿದ.

ಆಲಿವಳ ಗಂಡ ಹರ್ಬರ್ಟ್, ಬಾಗಿಲು ಮುಚ್ಚಿದ ಶಾಲೆಯ ಇತಿಹಾಸದ ಮೇಷ್ಟ್ರು, ಮೆಟ್ಟಿಲ ಮೇಲೆ ಮಕ್ಕಳಿಗೆ ಕತೆ ಹೇಳುತ್ತಿದ್ದ.

“ಸಾಮೋ ಅಂತ ಒಬ್ಬ ವ್ಯಾಪಾರಿ. ಸಾವಿರದ ಮುನ್ನೂರು ವರ್ಷದ ಹಿಂದೆ ಸ್ಲಾವ್ ಜನರಿಗೆ ರಾಜನಾದ. ಹನ್ನೆರಡು ಹೆಂಡತಿಯರು. ಅವ ಸತ್ತ, ರಾಜ್ಯ ಚೂರುಚೂರಾಯ್ತು. ಅಷ್ಟು ನಿಜ. ಇನ್ನು ಹೇಳುದು ನನ್ನ ಸುಳ್ಳು.”

“ದೆನ್, ಅಂಕಲ್?”

“ಒಂದೊಂದು ಕುಲದವರು ರಾಜನಿಗೆ ಕೊಟ್ಟ ತಂತಮ್ಮ ಮಗಳನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದ್ರು. ಹೆಂಡತಿಯರು ಕೂತಲ್ಲಿಂದ ಏಳಲೇ ಇಲ್ಲ. ರಾಜ್ಯ ಉಳೀತು!”

“ಆಗ ಗಂಡಸರು ಎಂತ ಮಾಡ್ತಿದ್ರು?” ಬಾಗಿಲಲ್ಲಿ ನಿಂತ ಆಲಿವ್ ಸಿಡಿದಳು. “ಮೆಟ್ಟಿಲಲ್ಲಿ ಕೂತು ಕತೆ ಹೇಳ್ತಿದ್ರಾ?”

ಮಕ್ಕಳು ಕಿಸಕ್ಕೆಂದರು. ಹರ್ಬರ್ಟ್ ಕನ್ನಡಕ ಒರೆಸಿದ. “ಪಾಯಸ್ ಇಲ್ಲದೆ ಬಾವಾ ಕೇಳುದಿಲ್ಲ ಮಾರಾಯ್ತಿ.”

“ಕೇಳಿದ್ದು ಹೇಗೆ ನೀವು? ನಮ್ಮ ಮನೆಗೆ ಮಾತ್ರ ಕೊಡು ಅಂತ! ಸತ್ತ ರಾಜನ ದೇಶ ಉಳಿಸ್ಲಿಕ್ಕೆ ಆಗ್ತದೆ, ಮಗಳಿಗೆ ಹಾಲು ತರಿಸ್ಲಿಕ್ಕೆ ಆಗುದಿಲ್ಲ!”

ಮೇಲಿನ ಮನೆಯ ಆಶಾಲತಾ ಇಣುಕಿದಳು. “ಎಂತ ಆಲಿವ್, ಇಷ್ಟು ಬೊಬ್ಬೆ?”

“ನಿಮ್ಮಲ್ಲಿ ಅಕ್ಕಿ ಉಂಟು. ಗ್ಯಾಸ್ ಉಂಟಾ ಆಶಾಲತಕ್ಕ?”

ಆಶಾಲತಾ ಕಣ್ಣು ತಪ್ಪಿಸಿದಳು. “ನಿನ್ನೆಯೇ ಮುಗೀತು.”

“ನಮ್ಮಲ್ಲಿ ಗ್ಯಾಸ್ ಉಂಟು, ಅಕ್ಕಿ ಇಲ್ಲ. ನಾಚಿಕೆ ಆಗ್ಬೇಕು ನಮಗೆಲ್ಲ. ತನ್ನಿ ಕೆಳಗೆ!”

“ತರ್ತೇನೆ. ಬಾವಾನ ಹತ್ರ ಮಾತಾಡುದು ಯಾರು?”

ಹರ್ಬರ್ಟ್ ಮತ್ತೆ ಕನ್ನಡಕಕ್ಕೆ ಕೈ ಹಾಕಿದ್ದು ನೋಡಿ ಆಲಿವಳಿಗೆ ಮೈಯೆಲ್ಲ ಉರಿಯಿತು. ಸೈನಿಕರು ಫೋನ್ ಕದ್ದು ಕೇಳುತ್ತಾರೆಂಬ ಸುದ್ದಿಯಿತ್ತು. ಆದರೂ ಒಳಗೆ ಹೋಗಿ ನಂಬರು ತಿರುಗಿಸಿದಳು.

“ಒಂದು ಮನೆಗೆ ವ್ಯಾನು ಬರುದಿಲ್ಲ, ಹೇಳಿದ್ದೇನಲ್ಲ!” ಬಾವಾ ಗದರಿದ.

“ಒಂದು ಮನೆ ಅಲ್ಲ, ಇಡೀ ಕಟ್ಟಡ.”

“ಪಾಯಸ್ ಹೋದ್ರಲ್ಲ ಬಾಯಮ್ಮ. ಇನ್ನು ಯಾರ ಮಾತು?”

“ನನ್ನದು! ವ್ಯಾನು ಯಾವಾಗ ಕಳಿಸ್ತೀರಿ, ಅದು ಹೇಳಿ.”

“ಪಾಯಸ್ ಇಷ್ಟು ಜೋರು ಮಾಡ್ತಿರ್ಲಿಲ್ಲ. ಆಯ್ತು, ಬೆಳಿಗ್ಗೆ ಬರ್ತದೆ. ಇಳಿಸ್ಲಿಕ್ಕೆ ನಿಮ್ಮ ಗಂಡಸರನ್ನು ನಿಲ್ಲಿಸಿ.”