ಗೋಣಿಕಂಬ ಹತ್ತಿದ ಮನಿಪ್ಲಾಂಟು

ಕಾರಟಗಿಯ ಅಕ್ಕಿ ಗಿರಣಿಗಳ ಸೈರನ್ ಇನ್ನೂ ಕೂಗಿಲ್ಲ. ಅಷ್ಟರಲ್ಲಾಗಲೇ ಮನೆಮನೆಯ ಗಿಡ ನೋಡಿಕೊಳ್ಳುವ ಖೈರುನಬಿ, ಟೇಲರ್ ಮಲ್ಲೇಶ್ವರಿಯ ಮನೆಯ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಿಟಕಿ ಬಳಿಯ ಕುಂಡವನ್ನೇ ನೋಡುತ್ತಿದ್ದಾರೆ. ಕುಂಡದ ನಡುವೆ ಗೋಣಿ ಸುತ್ತಿದ ಕಂಬ, ಅದನ್ನು ತಬ್ಬಿ ನಿಂತ ಮನಿಪ್ಲಾಂಟು. ಅದರ ತುದಿಯಲ್ಲಿ ಬೀಡಿಯಂತೆ ಸುತ್ತಿಕೊಂಡಿದ್ದ ಎಲೆ ನಿನ್ನೆ ಸಂಜೆಯೇ ಸಡಿಲಾಗಿದೆ. ಇವತ್ತು ಬಿಚ್ಚಲೇಬೇಕು. ಒಂದು ಎಲೆಗಾಗಿ ನಿದ್ದೆಗೆಡುವವರನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಇವರನ್ನು ನೋಡಿ.

ನಿದ್ದೆಗೆಡುವುದಕ್ಕೆ ಕಾರಣವೂ ಇದೆ. ಮಲ್ಲೇಶ್ವರಿಯ ಅತ್ತೆ ಹಂಪವ್ವ ಟಿ.ವಿ. ಮೇಲಿನ ಬಾಟಲಿಯಲ್ಲಿ ಈ ಬಳ್ಳಿಯನ್ನು ಸಾಕಿದವರು. ಒಂದು ಕವಲು ಗಡಿಯಾರ ಸುತ್ತಿ ಅಡುಗೆಮನೆ ಬಾಗಿಲಿಗೆ ಹೋಗಿತ್ತು, ಇನ್ನೊಂದು ದೇವರ ಫೋಟೋಗಳ ಮೇಲೆ ಹಾದಿತ್ತು. ಉದ್ದವೇನೋ ಉದ್ದ, ಎಲೆ ಮಾತ್ರ ಅಲ್ಲೊಂದು ಇಲ್ಲೊಂದು, ಇಲಿ ಕಿವಿಯಷ್ಟು. ಮನಿಪ್ಲಾಂಟು ಕತ್ತರಿಸಿದರೆ ಮನೆಯ ಲಕ್ಷ್ಮಿಯನ್ನೇ ಕತ್ತರಿಸಿದಂತೆ ಎಂದು ಹಂಪವ್ವ ಕತ್ತರಿಯನ್ನು ಹತ್ತಿರ ಸುಳಿಯಗೊಟ್ಟವರಲ್ಲ. ಅದೂ ಟೇಲರ್ ಮನೆಯಲ್ಲಿ!

ಬಳ್ಳಿ ಹಳದಿಗೆ ತಿರುಗಿದಾಗ ಖೈರುನಬಿ ಕಾಡಿ ಬೇಡಿ ಅಡುಗೆಮನೆ ಕಡೆಯ ಕವಲನ್ನು ಮಾತ್ರ ಕತ್ತರಿಸಲು ಅಪ್ಪಣೆ ಪಡೆದರು. ಅದೂ ಪಂಥದ ಮೇಲೆ. ಹೊಸ ಎಲೆ ಹಂಪವ್ವನ ಅಂಗೈಯಷ್ಟು ಬರದಿದ್ದರೆ ಖೈರುನಬಿ ಇನ್ನು ಯಾರ ಮನೆಯ ಗಿಡವನ್ನೂ ಮುಟ್ಟುವಂತಿಲ್ಲ. ಕತ್ತರಿ ಆಡಿದ ದಿನದಿಂದ ಹಂಪವ್ವ ಇವರೊಡನೆ ಮಾತು ಬಿಟ್ಟಿದ್ದಾರೆ. ಚಹಾ ಕೊಡುತ್ತಾರೆ, ಆದರೆ ಲೋಟ ಕುಕ್ಕಿ ಒಳಗೆ ಹೋಗಿಬಿಡುತ್ತಾರೆ.

ಖೈರುನಬಿಯ ನಿಜವಾದ ಕಸುಬು ಗಿರಣಿಯಲ್ಲಿ ಹರಿದ ಗೋಣಿಚೀಲ ಹೊಲಿಯುವುದು. ದಬ್ಬಣ ಹಿಡಿದು ಹಿಡಿದು ಹೆಬ್ಬೆರಳು ದಡ್ಡುಗಟ್ಟಿದೆ, ಚೀಲದ ಧೂಳಿಗೆ ಕೆಮ್ಮು ಕಾಯಂ ಆಗಿದೆ. ಪ್ಲಾಸ್ಟಿಕ್ ಚೀಲಗಳು ಬಂದ ಮೇಲೆ ಆ ಕೆಲಸವೂ ಅರ್ಧಕ್ಕೆ ಇಳಿದಿದೆ. ಗಿಡದ ವಿದ್ಯೆಯನ್ನು ಅವರಿಗೆ ಕಲಿಸಿದ್ದು ಗಿರಣಿ ಹಿತ್ತಲಿನ ಬೇವಿನ ಮರ. ಯಾರೋ ಎಸೆದ ಮನಿಪ್ಲಾಂಟು ಆ ಮರ ಹತ್ತಿ ಮೊರದಗಲ ಎಲೆ ಬಿಟ್ಟಿತ್ತು. ಅದರದ್ದೇ ಇನ್ನೊಂದು ಬಳ್ಳಿ ಪಕ್ಕದ ತೊಯ್ದ ಗೋಣಿರಾಶಿಗೆ ಬೇರು ಕಚ್ಚಿತ್ತು. ಎರಡನ್ನೂ ಕಂಡ ದಿನ ಖೈರುನಬಿ ಬುತ್ತಿ ಉಣ್ಣುವುದನ್ನೇ ಮರೆತರಂತೆ.

“ಇಳಿಬಿಟ್ಟರ ಎಲಿ ಸಣ್ಣ ಆಗ್ತಾವ್ರಿ. ಹಿಡಕೊಳ್ಳಾಕ ಏನರ ಕೊಟ್ಟರ ದೊಡ್ಡ ಆಗ್ತಾವ. ಕೂಸು ಗ್ವಾಡಿ ಹಿಡಕೊಂಡು ನಿಲ್ಲೂದು ಕಲೀತೈತಲ್ರಿ, ಹಂಗ,” ಎನ್ನುತ್ತಾರೆ.

ಹಳೆಯ ಪೈಪಿಗೆ ತೆಂಗಿನ ನಾರು ಸುತ್ತಿ, ಮೇಲೆ ಗೋಣಿ ಹೊದಿಸಿ, ದಬ್ಬಣದಿಂದ ಬಿಗಿಯಾಗಿ ಹೊಲಿದರೆ ಕಂಬ ಸಿದ್ಧ. ಬಳ್ಳಿಯನ್ನು ಗೆಣ್ಣುಗೆಣ್ಣಿಗೆ ತುಂಡು ಮಾಡಿ, ನೀರಲ್ಲಿ ಬೇರು ಬರಿಸಿ, ಎಲ್ಲವನ್ನೂ ಕಂಬದ ಬುಡದಲ್ಲಿ ಒತ್ತೊತ್ತಾಗಿ ಊರುತ್ತಾರೆ. ಸುತಳಿಯಿಂದ ಹಗುರಾಗಿ ಕಟ್ಟುತ್ತಾರೆ. ದಿನವೂ ಕೆಲಸಕ್ಕೆ ಹೋಗುವ ಮುನ್ನ ಮನೆಮನೆ ಸುತ್ತಿ ಕಂಬಕ್ಕೆ ನೀರು ಕುಡಿಸಿ, ಎಲೆಗಳ ಮೇಲೆ ಕೂತ ಗಿರಣಿ ಬೂದಿಯನ್ನು ಹಸಿಬಟ್ಟೆಯಿಂದ ಒರೆಸುತ್ತಾರೆ. ಬೂದಿ ಕೂತ ಎಲೆಗೆ ಬೆಳಕು ಎಲ್ಲಿಂದ ಮುಟ್ಟಬೇಕು ಎಂಬುದು ಅವರ ವಾದ.

ಒಮ್ಮೆ ಎಡವಿದ್ದೂ ಉಂಟು. ನೆರೆಯ ಗೌಸಬೀ ಮನೆಗೆ ಹೊಲಿದುಕೊಟ್ಟ ಕಂಬದ ಗೋಣಿ, ಉಪ್ಪು ಸವರಿದ ಹುಣಸೆಹಣ್ಣು ತುಂಬಿದ್ದ ಚೀಲದ್ದು. ಆ ಉಪ್ಪಿಗೆ ಗಿಡ ಸುಟ್ಟು ಕರಕಾಯಿತು. ಗೌಸಬೀ ಓಣಿಗೆಲ್ಲ ಕೇಳುವಂತೆ ಬೈದರು. ಅಂದಿನಿಂದ ಖೈರುನಬಿ ಯಾವ ಗೋಣಿಯನ್ನೂ ನಾಲಗೆ ತುದಿಗೆ ಮುಟ್ಟಿಸದೆ ಹೊಲಿಯುವುದಿಲ್ಲ. ಅದೇ ಗಿರಣಿಯಲ್ಲಿ ಹಮಾಲಿ ಮಾಡುವ ಗಂಡ ಮಕ್ಬುಲಸಾಬರಿಗೆ ಇದೊಂದು ತಮಾಷೆ: “ಚೀಲ ನೆಕ್ಕೋ ಹೆಂಡತಿ ಇಡೀ ಊರಾಗ ನನಗೊಬ್ಬಗ ಸಿಕ್ಕಾಳ ನೋಡ್ರಿ.” ಹಾಗೆಂದವರೇ ಗಿರಣಿಯಿಂದ ಒಳ್ಳೆಯ ಗೋಣಿ ಆರಿಸಿ ತಂದುಕೊಡುತ್ತಾರೆ.

ಸೈರನ್ ಕೂಗುತ್ತದೆ. ಕೆಲಸಕ್ಕೆ ಹೊತ್ತಾಯಿತು, ಆದರೆ ಖೈರುನಬಿ ಏಳುವುದಿಲ್ಲ. ಕಿಟಕಿಯಿಂದ ಬಿಸಿಲು ಇಳಿದು ಕಂಬವನ್ನು ಮುಟ್ಟುತ್ತದೆ. ಮಲ್ಲೇಶ್ವರಿ ಮಷೀನು ತುಳಿಯುವುದನ್ನು ನಿಲ್ಲಿಸಿ ಎದ್ದು ಬರುತ್ತಾರೆ. ಸುರುಳಿಯ ಅಂಚು ಪೂರ್ತಿ ಬಿಟ್ಟುಕೊಂಡಿದೆ! ಎಳೆಹಸಿರು, ಎಣ್ಣೆ ಸವರಿದ ಹೊಳಪು. ಖೈರುನಬಿ ಖುಷಿ ತಡೆಯಲಾಗದೆ ಮಲ್ಲೇಶ್ವರಿಯ ಮೊಣಕೈ ಹಿಡಿದು ಜಗ್ಗುತ್ತಾರೆ. ಆದರೆ ತೀರ್ಪು ಕೊಡಬೇಕಾದವರು ಇನ್ನೂ ಪೂಜೆ ಮುಗಿಸಿಲ್ಲ.

ಹಂಪವ್ವ ಕುಂಕುಮದ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಯಾರ ಮುಖವನ್ನೂ ನೋಡದೆ ಬಾಗಿ, ಎಲೆಯ ಕೆಳಗೆ ಅಂಗೈ ಚಾಚುತ್ತಾರೆ. ಅಂಗೈ ಮುಚ್ಚಿಹೋಗುತ್ತದೆ. ಬೆರಳುಗಳೂ ಅರ್ಧ ಕಾಣುವುದಿಲ್ಲ. ಎಲೆ ಕೆಳಗಿನ ಕೈ ತೆಗೆಯಲು ಮನಸ್ಸೇ ಬಾರದವರಂತೆ ಹಂಪವ್ವ ಹಾಗೇ ನಿಲ್ಲುತ್ತಾರೆ. ಆಮೇಲೆ ನಿಧಾನವಾಗಿ ತಲೆಯೆತ್ತಿ, ದೇವರ ಫೋಟೋಗಳ ಮೇಲೆ ಸೊರಗಿ ತೂಗುತ್ತಿರುವ ಇನ್ನೊಂದು ಕವಲನ್ನು ನೋಡುತ್ತಾರೆ.

“ಖೈರೂ, ಕತ್ತರಿ ತಂದೀ ಏನು?”

ಖೈರುನಬಿ ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಗಂಟು ಬಿಚ್ಚುತ್ತಾರೆ.

“ದಿನಾ ತಂದೇ ಬರತೀನ್ರಿ, ಅವ್ವಾರ.”