ಸರ್ಚ್ ಬಾಕ್ಸಿಗೆ ಬರೆದ ಕಾಗದಗಳು

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊಸ ವೆಬ್‌ಸೈಟ್ ಮಾಡಬೇಕೆಂದು ಆದೇಶ ಬಂತು. ಬಳಸುವವರಿಗೆ ಏನು ಬೇಕೆಂದು ಮೊದಲು ತಿಳಿಯಿರಿ ಅಂತಲೂ ಬರೆದಿದ್ದರು. ನನಗೆ ಮೈಯೆಲ್ಲ ಉರಿಯಿತು. ಹಳೆಯದನ್ನು ಮಾಡಿದವನು ನಾನೇ. ತಪ್ಪು ವೆಬ್‌ಸೈಟಿನದಲ್ಲ, ವಿದ್ಯಾರ್ಥಿಗಳದು ಎಂದು ತೋರಿಸಿಯೇ ತೀರಬೇಕೆಂದು ಹಟ ಹಿಡಿದೆ.

ಸರ್ಚ್ ಬಾಕ್ಸಿನಲ್ಲಿ ಯಾರು ಏನು ಟೈಪ್ ಮಾಡಿದರೂ ನಮ್ಮ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ತೆಗೆದು ನೋಡಿದೆ. ಪುಸ್ತಕದ ಹೆಸರು ಹಾಕುವುದು ಬಿಟ್ಟು, ಕೌಂಟರಿನಲ್ಲಿ ಕೂತವರ ಹತ್ತಿರ ಮಾತಾಡಿದ ಹಾಗೆ ಬರೆದಿದ್ದರು. ನಗು ಬರಿಸುವಂಥವನ್ನು ಆರಿಸಿಟ್ಟುಕೊಂಡೆ.

ಹೊಸ ವೆಬ್‌ಸೈಟಿನ ಬಗ್ಗೆ ಕರೆದ ಸಭೆಗೆ ಮುಖ್ಯ ಗ್ರಂಥಪಾಲಕರು, ಪ್ರಾಧ್ಯಾಪಕರು ಬಂದರು. ಬಳಸುವವರ ಪರವಾಗಿ ಒಬ್ಬರಿರಲಿ ಎಂದು ಓದುವ ಕೋಣೆಯಿಂದ ಎಂ.ಎ. ವಿದ್ಯಾರ್ಥಿನಿಯೊಬ್ಬಳನ್ನು ಕರೆತಂದು ಮೂಲೆಯಲ್ಲಿ ಕೂರಿಸಿದ್ದೆವು. ನಾನು ಪರದೆಯ ಮೇಲೆ ತೋರಿಸುತ್ತ, ದನಿ ಎಳೆದು ಓದಿದೆ.

“ಸರ್, ಸಂಖ್ಯಾಶಾಸ್ತ್ರದ ಪುಸ್ತಕ ಕನ್ನಡದಾಗ ಐತೇನ್ರಿ?”

ಮರುದಿನದ್ದು: “ಸರ್, ನಿನ್ನೆ ಕೇಳಿದ್ದೆ. ಸೋಮವಾರ ಪರೀಕ್ಷೆ ಐತ್ರಿ.”

ಅದರ ಮರುದಿನದ್ದು: “ನನ್ನಿಂದ ಏನರ ತಪ್ಪಾಗಿದ್ರ ಕ್ಷಮಿಸ್ರಿ. ಐತೋ ಇಲ್ಲೋ ಅಷ್ಟರ ಹೇಳ್ರಿ.”

ಎಲ್ಲರೂ ನಕ್ಕರು. “ಇಂಥವ್ರಿಗೆ ವೆಬ್‌ಸೈಟ್ ಯಾಕ್ರಿ, ಪೋಸ್ಟ್ ಡಬ್ಬಿ ಇಟ್ರ ಸಾಕು” ಎಂದೆ. ಇನ್ನೂ ನಕ್ಕರು. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

ಹುಡುಗಿ ಎದ್ದು ನಿಂತಳು.

“ಅವನ್ನ ಬರದಾಕಿ ನಾನ್ರಿ ಸರ್. ಪರೀಕ್ಷಾ ಸೂಟಿಗೆ ನಮ್ಮೂರು ಬೇವೂರಾಗ ಇದ್ದೆ. ಆ ಕಡಿ ಯಾರರ ಕುಂತಿರ್ತಾರ ಅಂತ ತಿಳ್ಕೊಂಡಿದ್ದೆ.”

ಮುಖ್ಯ ಗ್ರಂಥಪಾಲಕರು ಆ ಪುಸ್ತಕ ನಮ್ಮಲ್ಲಿದೆಯೇ ಎಂದು ಕೇಳಿದರು. ಕನ್ನಡ ಪುಸ್ತಕಗಳ ಹೆಸರನ್ನೂ ನಾನು ಇಂಗ್ಲಿಷ್ ಅಕ್ಷರಗಳಲ್ಲೇ ತುಂಬಿಸಿದ್ದೆ. ಹಾಗೆಯೇ ಟೈಪ್ ಮಾಡಿ ಹುಡುಕಿದೆ. ಮೂರು ಪ್ರತಿಗಳಿದ್ದವು. ಒಂದನ್ನೂ ಯಾರೂ ಒಯ್ದಿರಲಿಲ್ಲ.

“ಪರೀಕ್ಷೆ ಏನಾತವ್ವ?” ಎಂದರು ಅವರು.

“ಅದೊಂದ ವಿಷಯ ಹೋತ್ರಿ.”

ಆಗಲಾದರೂ ನಾನು ತಪ್ಪಾಯಿತು ಅನ್ನಬಹುದಿತ್ತು. “ಇಂಗ್ಲಿಷ್ ಅಕ್ಷರದಾಗ ಹೊಡಿಬೇಕಿತ್ತು ನೋಡವ್ವ” ಎಂದೆ. ಅವಳು ತಲೆಯಾಡಿಸಿ ಕೂತಳು. ಸಭೆ ಮುಗಿದು ಚಹಾ ಬಂದಾಗ ಅವಳಿಗೊಂದು ಕಪ್ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೊಸ ವೆಬ್‌ಸೈಟ್ ಆಯಿತು. ಕನ್ನಡದಲ್ಲಿ ಹುಡುಕಬಹುದು, ಪ್ರಶ್ನೆ ಬರೆದರೆ ನಿಜವಾದ ಮನುಷ್ಯನೇ ಉತ್ತರ ಕೊಡುತ್ತಾನೆ. ಆ ಕೆಲಸ ನನಗೇ ಬಿತ್ತು. ಬಂದವರೆಲ್ಲ ಹೊಗಳಿದರು, ನಾನೂ ನನ್ನದೇ ವಿಚಾರವೆಂಬಂತೆ ಹೇಳಿಕೊಂಡು ತಿರುಗಿದೆ. ಒಂದು ದಿನ ಅವಳು ಓದುವ ಕೋಣೆಯಲ್ಲಿ ಸಿಕ್ಕಳು. ಹೋದ ವಿಷಯದ ಪರೀಕ್ಷೆಯನ್ನು ಅವಳು ಮತ್ತೆ ಬರೆಯಬೇಕಿತ್ತು.

“ಈಗ ಏನ ಬೇಕಾದ್ರೂ ಮನಿಯಿಂದನ ಕೇಳವ್ವ, ನಾನ ಉತ್ತರ ಕೊಡ್ತೀನಿ” ಎಂದೆ.

“ಗೊತ್ತೈತ್ರಿ ಸರ್,” ಎಂದಳು, ಪುಸ್ತಕದಿಂದ ತಲೆ ಎತ್ತದೆ. “ಅದಕ್ಕ ಕೇಳೂದಿಲ್ರಿ.”